ಬೆಲ್ಲ ಬಿಟ್ಟ ಕುದುರೆ

ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ನಾಯಿ ಕೆಟ್ಟದ್ದು ತಿಂದರೆ ಗರಿಕೆ ಮೆದ್ದು ಕಾರಿಕೊಂಡು ಹಗುರಾಗುತ್ತದೆ, ಬೆಕ್ಕೂ ಹಾಗೆಯೇ. ಕುದುರೆಗೆ ಆ ದಾರಿಯೇ ಇಲ್ಲ. ಬಾಯಿಂದ ಒಳಗೆ ಹೋದದ್ದು ಹಿಂದಿನಿಂದ ಹೊರಗೆ ಬರಬೇಕು, ಇಲ್ಲವೇ ಹೊಟ್ಟೆ ಒಡೆಯಬೇಕು. ಇದನ್ನು ನಮ್ಮಪ್ಪ ನಾನು ಅಕ್ಷರ ಕಲಿಯುವ ಮೊದಲೇ ಹೇಳಿಕೊಟ್ಟಿದ್ದ. ಅಕ್ಷರ ಆಮೇಲೂ ಅಷ್ಟಾಗಿ ಕಲಿಯಲಿಲ್ಲ, ಆ ಮಾತು ಬೇರೆ.

ಅಪ್ಪ ರಾಯಚೂರಿನಲ್ಲಿ ಒಬ್ಬ ದೊಡ್ಡ ಅಧಿಕಾರಿಯ ಲಾಯದಲ್ಲಿ ಸಾಯೀಸನಾಗಿದ್ದ. ಕುದುರೆಗಳ ಮೈ ಉಜ್ಜುವುದು, ನೀರು ಕುಡಿಸುವುದು, ಯರಗೇರಾದಿಂದ ಬಂದ ಹುರುಳಿ ನೆನೆಹಾಕುವುದು ಅವನ ಕೆಲಸ. ನಿಜಾಮರ ಕಾಲ, ಅದರಲ್ಲೂ ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಏರು ಬಂದರೆ ಜನ ಇಳಿದು ತಳ್ಳಬೇಕಿತ್ತು. ಹಾಗಾಗಿ ಕುದುರೆಗೆ ಮತ್ತೆ ಮರ್ಯಾದೆ ಬಂದಿತ್ತು. ಕುದುರೆಗೆ ಬಂದದ್ದು, ಸಾಯೀಸನಿಗಲ್ಲ.

ಆ ಲಾಯದಲ್ಲಿ ಹುಟ್ಟಿದ ಒಂದು ಕಂದು ಹೆಣ್ಣುಮರಿಗೆ ಕುತ್ತಿಗೆಯಲ್ಲಿ ಕೆಟ್ಟ ಸುಳಿ ಇದೆಯೆಂದು ಯಾರೋ ಹೇಳಿದರು. ಸುಳಿ ಅಂದರೆ ಕೂದಲು ಸುತ್ತಿಕೊಂಡ ಜಾಗ, ಅಷ್ಟೆ. ಆದರೆ ಅದು ಇಂಥಲ್ಲಿದ್ದರೆ ಯಜಮಾನ ಸಾಯುತ್ತಾನೆ, ಇಂಥಲ್ಲಿದ್ದರೆ ಮನೆ ಉರಿಯುತ್ತದೆ ಎಂದು ಓದಿದವರೂ ನಂಬುತ್ತಿದ್ದರು. ಅಧಿಕಾರಿ ಆ ಮರಿಯನ್ನು ಅಪ್ಪನಿಗೇ ಕೊಟ್ಟುಬಿಟ್ಟ. ಸಾಯೀಸ ಸತ್ತರೆ ಇನ್ನೊಬ್ಬ ಸಿಗುತ್ತಾನಲ್ಲ!

"ಸುಳಿ ನೋಡಾವ್ರು ಲದ್ದಿ ನೋಡಂಗಿಲ್ಲ" ಎಂದು ಅಪ್ಪ ನಗುತ್ತಿದ್ದ. ಅವನು ದಿನಾ ಬೆಳಿಗ್ಗೆ ಮೊದಲು ನೋಡುತ್ತಿದ್ದದ್ದು ಲದ್ದಿಯನ್ನೇ. ಆಮೇಲೆ ತುಟಿ ಎತ್ತಿ ವಸಡನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದ. ಬೆಳ್ಳಗಾದ ಗುರುತು ತಟ್ಟನೆ ಕೆಂಪಾಗಬೇಕು. ಕಿವಿಯ ಬುಡ ಮುಟ್ಟುತ್ತಿದ್ದ, ಬೆಚ್ಚಗಿರಬೇಕು. ಕೊನೆಗೆ ನನ್ನ ತಲೆ ಹಿಡಿದು ಕುದುರೆಯ ಪಕ್ಕೆಗೆ ಒತ್ತಿ "ಏನ್ ಕೇಳ್ತದ?" ಎನ್ನುತ್ತಿದ್ದ. ಒಳಗೆ ಗುಳುಗುಳು ಸದ್ದಿದ್ದರೆ ಸಂಸಾರ ನಡೆದಿದೆ ಎಂದು ಅರ್ಥ. ಸದ್ದೇ ಇಲ್ಲದಿದ್ದರೆ ಓಡಬೇಕು.

ಹೊಟ್ಟೆನೋವು ಹತ್ತಿದ ಕುದುರೆಗೆ ಮಾಡಬೇಕಾದದ್ದನ್ನು ನಾನೂ ಅವ್ವನೂ ನೋಡಿ ನೋಡಿಯೇ ಕಲಿತೆವು. ಕಾಳು ಎತ್ತಿಬಿಡು, ಜೀನು ಬಿಚ್ಚು, ಮೂಗಿಗಾಗಲಿ ಬಾಯಿಗಾಗಲಿ ಏನನ್ನೂ ಸುರಿಯಬೇಡ, ಬಿದ್ದು ಹೊರಳಲು ಬಿಡಬೇಡ, ಮೆಲ್ಲಗೆ ನಡೆಸು, ಅಷ್ಟರಲ್ಲಿ ಇನ್ನೊಬ್ಬರು ಸಲೋತ್ರಿಯ ಮನೆಗೆ ಓಡಲಿ. ಆಗ ಪಶುವೈದ್ಯನನ್ನು ನಮ್ಮ ಕಡೆ ಸಲೋತ್ರಿ ಎನ್ನುತ್ತಿದ್ದರು. "ನಡಿ, ನಿಲ್ಲಬ್ಯಾಡ, ನಡಿ" ಎಂದು ಅಪ್ಪ ಕುದುರೆಯ ಕಿವಿಗೆ ಬಾಯಿ ಹಚ್ಚಿ ಹೇಳುತ್ತ ಲಾಯದ ಅಂಗಳವನ್ನು ಸುತ್ತುತ್ತಿದ್ದ. ಲದ್ದಿ ಬಿದ್ದು, ಕುದುರೆ ತಾನಾಗಿ ಮೇವಿಗೆ ಬಾಯಿ ಚಾಚಿದರೆ ಮುಂಡಾಸು ಬಿಚ್ಚಿ ಮುಖ ಒರೆಸಿಕೊಳ್ಳುತ್ತಿದ್ದ. ಹಸಿವು ಬಂದರೆ ಜೀವ ಬಂತು ಅಂತಲೇ ಅವನ ಲೆಕ್ಕ.

ನಮ್ಮ ಕಂದು ಕುದುರೆಗೆ ಅಪ್ಪ ಕುಣಿಯಲು ಕಲಿಸಿದ. ಮದುವೆ ಮೆರವಣಿಗೆಗಳಿಗೆ ಕುಣಿಯುವ ಕುದುರೆ ಬೇಕೆಂದರೆ ಆಗ ಜನ ಮುಗಿಬೀಳುತ್ತಿದ್ದರು. ಮುಂಗಾಲಿನಿಂದ ನೆಲ ಕೆರೆದರೆ ಒಂದು ಚೂರು ಬೆಲ್ಲ, ಮೊಣಕಾಲು ಮಡಚಿ ಸಲಾಮು ಹೊಡೆದರೆ ಇನ್ನೊಂದು ಚೂರು. ಬೆಲ್ಲ ಹಿಡಿಯುತ್ತಿದ್ದ ಅಂಗೈ ನನ್ನದು. ಅದರ ತುಟಿ ಎಷ್ಟು ಮೆತ್ತಗಿತ್ತೆಂದರೆ ಬೆಲ್ಲ ಹೋದದ್ದು ಗೊತ್ತಾಗುತ್ತಿರಲಿಲ್ಲ, ಅಂಗೈ ಒದ್ದೆಯಾದಾಗಲೇ ತಿಳಿಯುತ್ತಿತ್ತು. ಕೊನೆಗೆ ಅದಕ್ಕೆ ಬೆಲ್ಲದ ಎಷ್ಟು ಚಟ ಹತ್ತಿತೆಂದರೆ, ಕಂಡಕಂಡವರ ಮುಂದೆ ನೆಲ ಕೆರೆದು ನಿಲ್ಲುತ್ತಿತ್ತು. ಊರೆಲ್ಲ ಅದನ್ನು ಬೆಲ್ಲದ ಕುದುರೆ ಎನ್ನುತ್ತಿದ್ದರು.

ಅಪ್ಪ ಒಂದು ಮಳೆಗಾಲದ ಜ್ವರದಲ್ಲಿ ಹೋದ. ಸುಳಿ ತಿಂದಿತು ಎಂದು ಲಾಯದವರು ಮಾತಾಡಿಕೊಂಡರು. ನಾನು, ಅವ್ವ, ಕುದುರೆ ಮೂವರೂ ಮಾನ್ವಿಗೆ ಸೋದರಮಾವನ ಮನೆಗೆ ಬಂದೆವು. ಮಾವನದು ಕಾಳಿನ ಅಂಗಡಿ. ಮೂವರಲ್ಲಿ ಅವನಿಗೆ ಬೇಕಾಗಿದ್ದದ್ದು ಕುದುರೆಯೊಂದೇ. ಅದನ್ನು ಮದುವೆಗಳಿಗೆ ಬಾಡಿಗೆಗೆ ಬಿಟ್ಟ. ಕಾಳಿನ ವ್ಯಾಪಾರಿಯಾಗಿದ್ದರೂ ಅದಕ್ಕೆ ಹಾಕುವಾಗ ಮಾತ್ರ ಅವನ ಕೈ ಬಿಗಿಯಾಗುತ್ತಿತ್ತು. ಒಂದೇ ವರ್ಷದಲ್ಲಿ ಕುದುರೆಯ ಪಕ್ಕೆಲುಬು ಎದ್ದು ಕಾಣತೊಡಗಿದವು. ಅವ್ವ ಒಮ್ಮೆ ಅದನ್ನು ಹೇಳಿದ್ದಕ್ಕೆ, "ಮೊದಲ ನಿಮ್ಮಿಬ್ಬರ ಪಕ್ಕಡಿ ನೋಡ್ಕೋರಿ" ಎಂದ. ಅದೂ ನಿಜವೇ.

ಮಾವ ನನಗೆ ದೇವದುರ್ಗದ ಸಂಬಂಧ ಗೊತ್ತು ಮಾಡಿದ. ಹುಡುಗನ ಮನೆಯವರು ಹತ್ತಿ, ಶೇಂಗಾ ದಲ್ಲಾಳಿಗಳು, ನಮಗಿಂತ ಮೇಲು. ತಂದೆಯಿಲ್ಲದ ಹುಡುಗಿಗೆ ಇಂಥ ಮನೆ ಮತ್ತೆ ಸಿಗದು ಎಂದು ಎಲ್ಲರೂ ಹೇಳಿದರು. ಈ ಮದುವೆ ಮುರಿದರೆ ನನಗೂ ಅವ್ವನಿಗೂ ಮಾವನ ಮನೆಯ ಕಸ ಗುಡಿಸುವುದೇ ಗತಿ ಎಂಬುದು ನನಗೂ ಗೊತ್ತಿತ್ತು. ಮದುಮಗ ಊರ ಅಗಸಿ ಬಾಗಿಲಿನಿಂದ ಮನೆಯ ಹಂದರದವರೆಗೆ ನಮ್ಮ ಕುದುರೆಯ ಮೇಲೇ ಬರಬೇಕೆಂದು ಮಾವ ಹಟ ಹಿಡಿದ. ಬೀಗರ ಮುಂದೆ ಮೀಸೆ ತಿರುವಬೇಕಲ್ಲ.

ಮದುವೆಯ ದಿನ ಬೆಳಿಗ್ಗೆ ಅವನಿಗೆ ಕುದುರೆಯ ಪಕ್ಕೆಲುಬು ನೆನಪಾದವು. ಬಡಕಲು ಕುದುರೆ ಕಂಡರೆ ಬೀಗರು ಆಡಿಕೊಳ್ಳುತ್ತಾರೆ. ವರ್ಷವಿಡೀ ಅರೆಹೊಟ್ಟೆ ಹಾಕಿದವನು ಒಂದೇ ಬೆಳಿಗ್ಗೆ ಅದರ ಹೊಟ್ಟೆ ಉಬ್ಬಿಸಲು ಹೊರಟ. ಅಂಗಡಿಯಿಂದ ಒಣಕಡಲೆ ತರಿಸಿ, ನೆನೆಸದೆ, ತೊಟ್ಟಿಯ ತುಂಬ ಸುರಿದ. ಹಸಿದ ಪ್ರಾಣಿ ಬಿಡುತ್ತದೆಯೇ? ತಳ ನೆಕ್ಕಿತು. ಮೇಲೆ ಹೊಟ್ಟೆ ತುಂಬ ನೀರು ಕುಡಿಸಿದ. "ಈಗ ನೋಡ್ರಿ, ಬಸುರಿ ಇದ್ದಂಗ ಕಾಣ್ತದ" ಎಂದು ಆಳುಗಳ ಮುಂದೆ ಕೊಚ್ಚಿಕೊಂಡನಂತೆ. ಒಂದು ಹಿಡಿ ಕಡಲೆ ನೀರಲ್ಲಿ ನೆನೆದರೆ ಎಷ್ಟಾಗುತ್ತದೆಂದು ಅಡುಗೆ ಮಾಡುವ ಯಾವ ಹೆಂಗಸಾದರೂ ಹೇಳುತ್ತಿದ್ದಳು. ಅವನು ಹೆಂಗಸರನ್ನು ಕೇಳಲಿಲ್ಲ.

ನಾನು ಅರಿಶಿಣದ ಮೈಯಲ್ಲಿ, ಬಾಸಿಂಗ ಕಟ್ಟಿಸಿಕೊಂಡು ಬೀದಿಯ ಕಡೆಯ ಕೋಣೆಯಲ್ಲಿ ಕೂತಿದ್ದೆ. ಮದುಮಗಳು ಮಾತಾಡಬಾರದು, ನಗಬಾರದು, ತಲೆ ಎತ್ತಬಾರದು. ಅವ್ವ ಹಿತ್ತಲಿನ ಒಲೆಯ ಹತ್ತಿರ ಇದ್ದಳು. ಗಂಡ ಸತ್ತವಳು, ಮಗಳ ಮದುವೆಯಾದರೂ ಹಂದರದ ಕಡೆ ಸುಳಿಯಬಾರದು. ಆ ಮನೆಯಲ್ಲಿ ಕುದುರೆಯ ಹೊಟ್ಟೆ ಬಲ್ಲವರು ನಾವಿಬ್ಬರೇ. ಇಬ್ಬರನ್ನೂ ಶಾಸ್ತ್ರ ಮಾಡಿ ಮೂಲೆಗೆ ಕೂಡಿಸಿದ್ದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಾಜಾಬಜಂತ್ರಿ ಬಾಗಿಲ ಮುಂದೆ ಬಂತು. ನಾನು ಕಿಟಕಿಯ ಸಂದಿಯಿಂದ ನೋಡಿದೆ. ಮದುಮಗನನ್ನಲ್ಲ, ಕುದುರೆಯನ್ನು. ಅದು ನೆಲ ಕೆರೆಯುತ್ತಿತ್ತು. ಒಂದು ಕಾಲು, ಮತ್ತೊಂದು ಕಾಲು, ಮತ್ತೆ ಮತ್ತೆ. ಧೂಳೆದ್ದು ಮದುಮಗನ ಮೊಣಕಾಲಿಗೆ ಬರುತ್ತಿತ್ತು.

"ನೋಡ್ರೋ, ಬೆಲ್ಲ ಕೇಳಾಕತ್ತದ!" ಎಂದು ಯಾರೋ ಕೂಗಿದರು.

ಜನ ಕೇಕೆ ಹಾಕಿದರು. ಕುದುರೆ ಕುತ್ತಿಗೆ ತಿರುಗಿಸಿ ತನ್ನ ಪಕ್ಕೆಯನ್ನು ನೋಡಿಕೊಂಡಿತು. "ಮದಿಮಗನ್ನ ನೋಡಾಕತ್ತದ!" ಎಂದರು. ಮೇಲ್ತುಟಿ ಮಡಚಿ ಹಲ್ಲು ಕಿಸಿಯಿತು. "ಕುದುರಿ ನಗಾಕತ್ತದ ನೋಡ್ರಿ!" ಎಂದರು. ಮೊಣಕಾಲು ಮಡಚಿ ನೆಲಕ್ಕೆ ಬೀಳಲು ಹೋಯಿತು. "ಸಲಾಮು! ಬೀಗರಿಗೆ ಸಲಾಮು!" ಎಂದರು. ನೋವಿನ ಒಂದೊಂದು ಗುರುತಿಗೂ ಅವರ ಹತ್ತಿರ ಒಂದೊಂದು ಸಂತೋಷದ ಅರ್ಥವಿತ್ತು. ಬೀಳಲು ಹೋದಾಗಲೆಲ್ಲ ಮದುಮಗ ಲಗಾಮು ಎಳೆದು, ಹಿಮ್ಮಡಿಯಿಂದ ಅದರ ಹೊಟ್ಟೆಗೇ ಗುದ್ದುತ್ತಿದ್ದ. ಆ ಹೊಟ್ಟೆಗೆ!

"ಇನ್ನಾ ಜೋರ್ ಬಾರಿಸ್ರಲೇ!" ಎಂದು ಮಾವ ಬಾಜಾದವರಿಗೆ ಹೇಳಿದ. ತಾನೇ ಮುಂದೆ ಬಂದು ಅಂಗೈಯಲ್ಲಿ ದೊಡ್ಡ ಬೆಲ್ಲದ ಹೆಂಟೆ ಹಿಡಿದ. ಕುದುರೆ ಮೂಸಿತು, ತುಟಿಗೆ ತಾಗಿಸಿಕೊಂಡಿತು, ಬಿಟ್ಟಿತು. ಬೆಲ್ಲ ಮಣ್ಣಿಗೆ ಬಿತ್ತು.

ನಾನು ಬಾಸಿಂಗ ಸರಿಸಿಕೊಂಡು ಹಿತ್ತಲಿಗೆ ಓಡಿದೆ. "ಯವ್ವಾ, ಅದು ಬೆಲ್ಲ ಬಿಡ್ತು" ಎಂದೆ.

ಅವ್ವ ಸಟುಗ ಕೆಳಗಿಟ್ಟು, ಸೆರಗು ತಲೆಗೆ ಎಳೆದುಕೊಂಡು, ಸಂದಿಯಿಂದ ಬೀದಿಗೆ ಓಡಿದಳು. ನೇರ ಕುದುರೆಯ ಮುಂದೆ ನಿಂತು ಲಗಾಮಿಗೆ ಕೈ ಹಾಕಿದಳು. "ಇಳೀರಿ ಯಪ್ಪಾ, ಇಳೀರಿ, ಇದಕ್ಕ ಹೊಟ್ಟಿಬ್ಯಾನಿ ಹತ್ಯದ, ಇದು ಕುಣತ ಅಲ್ಲ" ಎಂದು ಮದುಮಗನಿಗೆ ಕೈಮುಗಿದಳು.

ಬಾಜಾ ನಿಂತಿತು. ಮದುಮಗನ ತಾಯಿ, ಮುಂದೆ ನನ್ನ ಅತ್ತೆಯಾದವಳು, ಹೆಂಗಸರ ಗುಂಪಿನಿಂದ ಹೊರಬಂದಳು. "ಯಾರಬೇ ಈ ಮುಂಡಿ, ನನ್ನ ಮಗನ ಎದರಿಗೆ ಬಂದು ನಿಂತಾಕಿ? ನೋಡ್ಕೋತ ನಿಂತೀರಲ್ಲ, ಎಳದು ಆಚಿ ಹಾಕ್ರಿ!" ಎಂದಳು. ಎಳೆದದ್ದು ಬೇರೆ ಯಾರೂ ಅಲ್ಲ, ಅವ್ವನ ಒಡಹುಟ್ಟಿದ ತಮ್ಮ, ನಮ್ಮ ಮಾವನೇ. ರಟ್ಟೆ ಹಿಡಿದು ಎಳೆದುಕೊಂಡು ಬಂದು, ಹಿತ್ತಲಿನ ಕಟ್ಟಿಗೆಯ ಕೋಣೆಗೆ ನೂಕಿ, ಚಿಲಕ ಹಾಕಿದ. ಬಾಜಾ ಮತ್ತೆ ಶುರುವಾಯಿತು. ಅಪಶಕುನ ಕಳೆಯಲೆಂದು ಕುದುರೆಯನ್ನು ಹಂದರದ ಮುಂದೆ ಮತ್ತೊಂದು ಸುತ್ತು ಕುಣಿಸಿದರು.

ಆಮೇಲೆ ಅದು ಒಮ್ಮೆಲೇ ಸುಮ್ಮನಾಯಿತು. ಕೆರೆಯಲಿಲ್ಲ, ತಿರುಗಿ ನೋಡಲಿಲ್ಲ, ಬೀಳಲು ಹೋಗಲಿಲ್ಲ. ತಲೆ ಇಳಿಬಿಟ್ಟು, ಕಣ್ಣು ಅರೆಮುಚ್ಚಿ ನಿಂತಿತು. ಮದುಮಗ ಇಳಿದ. ಕುದುರೆಯನ್ನು ಹಂದರದ ಕಂಬಕ್ಕೆ ಕಟ್ಟಿದರು.

ಮಾವ ಬೆವರು ಒರೆಸಿಕೊಳ್ಳುತ್ತ ನನ್ನ ಕೋಣೆಗೆ ಬಂದ. "ನೋಡು, ತಣ್ಣಗಾತು. ಅವ್ವ ಮಗಳು ಕೂಡಿ ನನ್ನ ಮಾನ ಕಳೀಲಿಕ್ಕೆ ನಿಂತಿದ್ರಿ. ಏನಾಗ್ಯದ ಅದಕ್ಕ? ಕಲ್ಲಿನಂಗ ನಿಂತದ" ಎಂದ.

ನಾನು ಕಿಟಕಿಯಿಂದ ನೋಡುತ್ತಲೇ ಇದ್ದೆ. ಅದರ ಕುತ್ತಿಗೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ನೋವು ಹೀಗೆ ಒಮ್ಮೆಲೇ ನಿಂತರೆ ಅದು ಗುಣವಲ್ಲ, ಒಳಗೆ ಒಡೆದಿದೆ ಎಂದು ಅರ್ಥ. ಅಪ್ಪ ಇದನ್ನು ಒಂದೇ ಒಂದು ಸಲ ತೋರಿಸಿದ್ದ, ಅಧಿಕಾರಿಯ ಬಿಳಿ ಕುದುರೆ ಸಾಯುವಾಗ. "ಗದ್ದಲ ಮಾಡೂ ಕುದುರಿಗೆ ಅಂಜಬ್ಯಾಡ ಮಗಳ, ಒಮ್ಮಿಂದೊಮ್ಮೆ ಸುಮ್ಮಾದದ್ದಕ್ಕ ಅಂಜು" ಎಂದಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ಮದುಮಗಳು ಎಂಬುದನ್ನು ಮರೆತೆ.

"ತಣ್ಣಗಾಗಿಲ್ಲ ಮಾವಾ, ಹೊಟ್ಟಿ ಒಡದದ. ದೀಪ ಹಚ್ಚೂದ್ರಾಗ ಸಾಯ್ತದ. ನೀನ ಕೊಂದಿ" ಎಂದೆ.

ಬಾಗಿಲಲ್ಲಿ ಸೀರೆಯ ತಟ್ಟೆ ಹಿಡಿದು ಅತ್ತೆ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಳು.

ಗೋಧೂಳಿ ಮುಹೂರ್ತಕ್ಕೆ ತಾಳಿ ಬಿತ್ತು. ಅಕ್ಕಿಕಾಳು ಇನ್ನೂ ತಲೆಯ ಮೇಲಿದ್ದವು. ಆರತಿಯ ದೀಪ ಹಚ್ಚಿ ತರುವಾಗ ಹಂದರದ ಕಂಬ ಅಲುಗಿ, ಚಪ್ಪರದ ತೆಂಗಿನ ಗರಿಗಳು ಜನರ ಮೇಲೆ ಜಾರಿದವು. ಕುದುರೆ ಕಟ್ಟಿದಲ್ಲೇ ಕುಸಿದಿತ್ತು. ಹಗ್ಗ ಬಿಚ್ಚುವಷ್ಟರಲ್ಲಿ ಜೀವ ಹೋಗಿತ್ತು. ನಿಜ ಹೇಳಬೇಕೆಂದರೆ, ಅಷ್ಟು ಕಡಲೆ ಒಳಗೆ ನೀರು ಕುಡಿದು ಉಬ್ಬಿದ ಮೇಲೆ ಮಾನ್ವಿಯಲ್ಲಿ ಅದನ್ನು ಉಳಿಸುವವರು ಯಾರೂ ಇರಲಿಲ್ಲ; ಸಲೋತ್ರಿ ಇದ್ದದ್ದು ರಾಯಚೂರಿನಲ್ಲಿ. ಅವ್ವ ನಡೆಸಿದ್ದರೂ ಸಾಯುತ್ತಿತ್ತೇನೋ. ಆದರೆ ಬೆನ್ನ ಮೇಲೊಬ್ಬನನ್ನು ಹೊತ್ತು, ಒದೆ ತಿನ್ನುತ್ತ, ಕೇಕೆ ಕೇಳುತ್ತ ಸಾಯಬೇಕಾಗಿರಲಿಲ್ಲ. ನಾನು ಅತ್ತದ್ದು ಅದಕ್ಕೆ.

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಮಾವ ಕಡಲೆಯ ಸುದ್ದಿ ಎತ್ತಲಿಲ್ಲ. "ಅಕಿ ಅಂದ್ಲು, ಸತ್ತಿತು" ಎಂದು ತಾನೇ ಮೊದಲು ಬಾಯಿ ಬಿಟ್ಟ. ಅತ್ತೆ ಅದನ್ನು ಹಿಡಿದುಕೊಂಡಳು. "ಇಕಿ ನಾಲಿಗಿ ಕರ್ರಗದ. ತೆಗಸ್ರಿ, ನೋಡೂಣು" ಎಂದಳು. ಬೀಗರ ಕಡೆಯ ಇಬ್ಬರು ಹೆಂಗಸರು, ಅಷ್ಟು ಜನರ ನಡುವೆ, ಹೊಸ ತಾಳಿಯ ನನ್ನ ದವಡೆ ಹಿಡಿದು ಬಾಯಿ ತೆರೆಸಿದರು. ಸಂತೆಯಲ್ಲಿ ಕುದುರೆಯ ಹಲ್ಲು ನೋಡುವವರೂ ಹಾಗೆಯೇ ಹಿಡಿಯುತ್ತಾರೆ. ಆರತಿಯ ದೀಪವನ್ನೇ ಹತ್ತಿರ ತಂದು ನೋಡಿದರು. ಹುಡುಕಿದರೆ ಯಾರ ನಾಲಿಗೆಯಲ್ಲಿ ಏನು ಸಿಗುವುದಿಲ್ಲ? ನನ್ನದರ ಬದಿಗೊಂದು ಕಪ್ಪು ಚುಕ್ಕೆ ಸಿಕ್ಕಿತು. ಎಲ್ಲರಿಗೂ ಸಮಾಧಾನವಾಯಿತು.

ತಾಳಿ ಕಟ್ಟಿಯಾಗಿದೆ, ಬಿಟ್ಟು ಹೋಗಬಾರದು ಎಂದು ಹಿರಿಯರು ಹೇಳಿದ್ದರಿಂದ ನನ್ನನ್ನು ದೇವದುರ್ಗಕ್ಕೆ ಕರೆದೊಯ್ದರು. ಮಗುವನ್ನಾಗಲಿ ದನವನ್ನಾಗಲಿ ಕಂಡು ನಾನು ಏನನ್ನೂ ಆಡಬಾರದು ಎಂಬ ಕರಾರಿನ ಮೇಲೆ. ಅವ್ವನನ್ನು ಕಟ್ಟಿಗೆಯ ಕೋಣೆಯಿಂದ ಬಿಟ್ಟದ್ದು ನನ್ನ ಗಾಡಿ ಊರು ದಾಟಿದ ಮೇಲೆ.

ನನ್ನ ನಾಲಿಗೆಯ ಸುದ್ದಿ ನನಗಿಂತ ಮೊದಲೇ ದೇವದುರ್ಗ ಮುಟ್ಟಿತ್ತು. ನಾನು ಬಾವಿಗೆ ಹೊರಟರೆ ಹೆಂಗಸರು ಕರುಗಳ ಮೇಲೆ ಗೋಣಿ ಮುಚ್ಚುತ್ತಿದ್ದರು. ಹಾಲು ಕರೆಯುವವರು ಎಮ್ಮೆಯ ಮುಖ ತಿರುಗಿಸುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಊರಲ್ಲಿ ಯಾರ ಕೋಳಿ ಸತ್ತರೂ ಬರೆ ನನಗೇ. ಆದರೆ ಜನರ ಬುದ್ಧಿ ವಿಚಿತ್ರ. ಸಾಯಿಸುವ ನಾಲಿಗೆ ಬದುಕಿಸಲೂಬಹುದು ಎಂದು ಕೆಲವರು ತಿಳಿದರು. ಗೂಗಲ್ ಎಂಬ ಊರಿನ ಕಡೆಯಿಂದ ಒಬ್ಬ ತನ್ನ ಟಾಂಗಾದ ಕುದುರೆಯನ್ನು ಎಳೆದುಕೊಂಡು ನಮ್ಮ ಬಾಗಿಲಿಗೆ ಬಂದ. ಅದರ ಹೊಟ್ಟೆ ಬಿಗಿದಿತ್ತು, ಆದರೆ ವಸಡು ಇನ್ನೂ ಕೆಂಪಗಿತ್ತು, ಪಕ್ಕೆಯಲ್ಲಿ ಸಣ್ಣಗೆ ಸದ್ದಿತ್ತು. ಉಳಿಯುವ ಪ್ರಾಣಿ. ಅಷ್ಟು ದೂರದಿಂದ ಕೈಮುಗಿದು ಬಂದನೆಂದು ಅತ್ತೆಗೆ ಹೆಮ್ಮೆಯಾಗಿ, ಮಾತಾಡಲು ಅಪ್ಪಣೆ ಕೊಟ್ಟಳು.

"ಮೇವು ಹಾಕಬ್ಯಾಡ್ರಿ, ಮೂಗಿನ್ಯಾಗ ಏನೂ ಹನಿಸಬ್ಯಾಡ್ರಿ, ನಡಸ್ರಿ" ಎಂದೆ.

"ಅದೆಲ್ಲಾ ಬ್ಯಾಡವ್ವಾ. ಬದಕತದ ಅಂತ ಒಂದ ಮಾತು ಅಂದುಬಿಡ್ರಿ, ಸಾಕು" ಎಂದ.

ಬದುಕುತ್ತದೆ ಎಂದೆ. ಅವನು ಸಂತೋಷದಿಂದ ಹೋಗಿ, ಮಾತು ಇನ್ನಷ್ಟು ಗಟ್ಟಿಯಾಗಲೆಂದು ಇಂಗು ಹಾಕಿ ಕಾಯಿಸಿದ ಎಣ್ಣೆಯನ್ನು ಬಿದಿರ ನಾಳದಿಂದ ಕುದುರೆಯ ಮೂಗಿಗೆ ಸುರಿದ. ಎಣ್ಣೆ ಎದೆಗೂಡಿಗೆ ಹೋಯಿತು. ಕುದುರೆ ಕೆಮ್ಮಿ ಕೆಮ್ಮಿ ಸತ್ತಿತು. ಮುಂದಿನ ಸಂತೆಯ ದಿನ ಅವನು ನಮ್ಮ ಬಾಗಿಲ ಮುಂದೆ ನಿಂತು ಮಣ್ಣು ತೂರಿದ. ನಾನು ಬಾಯಲ್ಲಿ ಬದುಕುತ್ತದೆ ಅಂದು ಮನಸ್ಸಿನಲ್ಲಿ ಸಾಯಲಿ ಅಂದೆನಂತೆ. ಅಂದು ನನ್ನ ಗಂಡ ಮೊದಲ ಸಲ ನನ್ನ ಮೇಲೆ ಕೈ ಎತ್ತಿದ.

ಗಂಡನ ಹತ್ತಿರ ಒಂದು ಬೇಟೆನಾಯಿ ಇತ್ತು. ಆ ಮನೆಯಲ್ಲಿ ನನ್ನ ಕಾಲ ಹತ್ತಿರ ಬಂದು ಮಲಗುತ್ತಿದ್ದ ಜೀವ ಅದೊಂದೇ. ಒಂದು ದಿನ ಊಟದ ಹೊತ್ತಿನಲ್ಲಿ ಅದು ಅಂಗಳದಲ್ಲಿ ಹುಚ್ಚೆದ್ದಂತೆ ತಿರುಗತೊಡಗಿತು. ಬಾಯಿ ಮುಚ್ಚಲು ಬರುತ್ತಿರಲಿಲ್ಲ, ಜೊಲ್ಲು ನೊರೆನೊರೆಯಾಗಿ ಸುರಿಯುತ್ತಿತ್ತು, ಎರಡೂ ಮುಂಗಾಲಿನಿಂದ ಮೂತಿ ಕೆರೆದುಕೊಳ್ಳುತ್ತಿತ್ತು. ಹುಚ್ಚುನಾಯಿ ಎಂದು ಎಲ್ಲರೂ ಒಳಗೋಡಿದರು. ಗಂಡ ಬಡಿಗೆ ತಂದ.

ಹುಚ್ಚು ಇರಬಹುದು, ಇಲ್ಲದಿರಬಹುದು. ಆದರೆ ಬೆಳಿಗ್ಗೆ ಅದು ನನ್ನ ಕೈಯಿಂದಲೇ ರೊಟ್ಟಿ ತಿಂದು ನೀರು ಕುಡಿದಿತ್ತು. ಆಗತಾನೆ ಕುರಿ ಮಾಂಸದ ಎಲುಬುಗಳನ್ನು ಅಂಗಳಕ್ಕೆ ಎಸೆದಿದ್ದರು. ಮೂತಿ ಕೆರೆದುಕೊಳ್ಳುವ ನಾಯಿಯ ಬಾಯಿ ಮೊದಲು ನೋಡು, ಅದೂ ಬರಿಗೈ ಹಾಕದೆ, ಎಂದು ಅಪ್ಪ ಹೇಳುತ್ತಿದ್ದ. ನಾನು ಕರಾರು ಮರೆತೆ.

"ಹೊಡೀಬ್ಯಾಡ್ರಿ! ಅಂಗಳದ ಬಾಗಲಾ ಹಾಕಿ ಬಿಡ್ರಿ. ದೂರದಿಂದ ಹಗ್ಗಾ ಒಗದು ಕಂಬಕ್ಕ ಕಟ್ರಿ. ಅದರ ಬಾಯಾಗ ಎಲುಬು ಸಿಕ್ಕದ. ತೆಗೀದಿದ್ರ ಉಸರುಗಟ್ಟಿ ಸಾಯ್ತದ" ಎಂದು ಕೂಗಿದೆ.

"ಅಂದ್ಲು ನೋಡ್ರಿ! ಸಾಯ್ತದ ಅಂದ್ಲು!" ಎಂದು ಅತ್ತೆ ಎದೆ ಬಡಿದುಕೊಂಡಳು. "ಇನ್ನ ಅದು ಉಳ್ಯಾಂಗಿಲ್ಲ. ಯಾರನ್ನರ ಕಚ್ಚೂದ್ರಾಗ ಮುಗಸೋ ಮಗನ."

ಅವನು ಮುಗಿಸಿದ. ನಾಯಿ ಮೊದಲ ಏಟಿಗೆ ನನ್ನ ಕಡೆ ತೆವಳಿಕೊಂಡು ಬಂತು. ಅದು ನನ್ನ ಹತ್ತಿರ ಬಂದದ್ದನ್ನು ನಾನು ಇಂದಿಗೂ ಯಾರ ಮುಂದೆಯೂ ಸರಿಯಾಗಿ ಹೇಳಲಾರೆ.

ಅದು ಸತ್ತ ಮೇಲೆ ನಾನು ಅಡುಗೆಮನೆಯಿಂದ ಇಕ್ಕಳ ತಂದೆ. ಒಂದು ಕಟ್ಟಿಗೆಯಿಂದ ಅದರ ಬಾಯಿ ಅಗಲಿಸಿದೆ. ಅಂಗುಳಕ್ಕೆ ಅಡ್ಡಲಾಗಿ, ಈ ಕಡೆಯ ದವಡೆಹಲ್ಲಿನಿಂದ ಆ ಕಡೆಯ ದವಡೆಹಲ್ಲಿಗೆ, ಒಂದು ಎಲುಬಿನ ತುಂಡು ತೊಲೆಯ ಹಾಗೆ ಕೂತಿತ್ತು. ಎಳೆದು ತೆಗೆದು ಅತ್ತೆಯ ಕಾಲ ಹತ್ತಿರ ಎಸೆದೆ. ಎಲ್ಲರೂ ನೋಡಿದರು. ನೋಡಿದರೆ ಬುದ್ಧಿ ಬಂದೀತು ಎಂದು ನಾನಿನ್ನೂ ನಂಬಿದ್ದೆ, ಅಷ್ಟು ದಡ್ಡಿ ನಾನು.

ಗಂಡ ಎಲುಬನ್ನು ಬಡಿಗೆಯ ತುದಿಯಿಂದ ಹೊರಳಿಸಿದ. "ಎಲುಬು ಇದ್ದದ್ದು ಖರೆ. ಆದ್ರ ನೀ ಯಾಕ ಸಾಯ್ತದ ಅಂದಿ? ನೀ ಅನ್ನದಿದ್ರ ನಾ ಹೊಡೀತಿದ್ದಿಲ್ಲ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಅದೇ ಬಡಿಗೆಯಿಂದ ನನಗೂ ಹೊಡೆದ.

ಅಂದಿನಿಂದ ನಾನು ಮಾತು ಬಿಟ್ಟೆ. ಹಟದಿಂದಲ್ಲ, ಬಾಯಿ ತೆರೆದರೆ ಒಳಗಿಂದ ಏನೂ ಬರುತ್ತಿರಲಿಲ್ಲ. ಕಸ ಗುಡಿಸಿದೆ, ರೊಟ್ಟಿ ಬಡಿದೆ, ಹೊಡೆದಾಗ ಹೊಡೆಸಿಕೊಂಡೆ. 'ಹೂಂ' ಕೂಡ ಅನ್ನಲಿಲ್ಲ. ಹಸಿವು ಹೋಯಿತು. ತಾಟಿನ ಮುಂದೆ ಕೂತು, ತುತ್ತು ತುಟಿಯವರೆಗೆ ತಂದು, ಕೆಳಗಿಡುತ್ತಿದ್ದೆ. ಅನ್ನ ಉಳಿಯುತ್ತದೆಂದು ಯಾರೂ ಕೇಳಲಿಲ್ಲ.

ಮೊದಲ ಪಂಚಮಿಗೆ ಹೆಣ್ಣನ್ನು ತವರಿಗೆ ಕರೆಯುವುದು ನಮ್ಮ ಕಡೆಯ ಪದ್ಧತಿ. ಮಾವ ಗಾಡಿ ಹೂಡಿಕೊಂಡು ಬಂದ, ಜೊತೆಗೆ ಅವ್ವನೂ ಬಂದಳು. ಮಾವ ಪಡಸಾಲೆಯಲ್ಲಿ ಕೂತ. ಅವ್ವ ಹೊಸ್ತಿಲು ದಾಟದೆ ಕಟ್ಟೆಯ ಕೆಳಗೇ ನಿಂತಳು. ನಾನು ನೀರಿನ ತಂಬಿಗೆ ತಂದಿಟ್ಟೆ.

"ಹೆಂಗದಾಳ್ರಿ ನಮ್ಮ ಹುಡುಗಿ?" ಎಂದು ಮಾವ ಕೇಳಿದ.

"ಈಗ ಚಲೋ ಅದಾಳ್ರಿ" ಎಂದಳು ಅತ್ತೆ. "ಮೊದಲ ಬಾಳ ಹಾರ್ಯಾಡತಿದ್ಲು. ಈಗ ಪೂರಾ ಸುಮ್ಮಾಗ್ಯಾಳ. ತವರಿಗೇನ ಕಳಸೂದು ಬ್ಯಾಡ್ರಿ, ಮತ್ತ ಕೆಡ್ತಾಳ."

ಮಾವ ಸಂತೋಷದಿಂದ ಮೀಸೆ ಸವರಿದ. ಒಂದು ಬಾಯಿ ಉಳಿಯಿತಲ್ಲ. "ನಾ ಹೇಳಿದ್ದಿಲ್ಲೇನ್ರಿ, ತಣ್ಣಗಾಗ್ತಾಳ ಅಂತ?" ಎಂದ.

ಅವ್ವ ಕೆಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಯಾರನ್ನೂ ಕೇಳದೆ ಮೆಟ್ಟಿಲು ಹತ್ತಿ ಬಂದಳು. ಅತ್ತೆ "ಎಲ್ಲಿ ಬರತಿ?" ಎಂದು ಕೂಗಿದಳು. ಅವ್ವ ನನ್ನ ಕಿವಿಯ ಬುಡಕ್ಕೆ ಅಂಗೈ ಇಟ್ಟಳು. ಅವಳ ಅಂಗೈ ಬೆಚ್ಚಗಿತ್ತು, ನನ್ನ ಕಿವಿ ತಣ್ಣಗಿತ್ತು. ಹೆಬ್ಬೆರಳಿನಿಂದ ನನ್ನ ಕೆಳತುಟಿ ಜಗ್ಗಿ ವಸಡು ನೋಡಿದಳು. ಅಷ್ಟು ಜನ ನನ್ನ ಬಾಯಿ ತೆರೆಸಿದ್ದರು, ನನಗೇನಾಗಿದೆ ಎಂದು ನೋಡಿದವಳು ಅವಳೊಬ್ಬಳೇ.

"ಗಾಡಿ ಹೂಡು" ಎಂದು ಮಾವನಿಗೆ ಹೇಳಿದಳು. "ಹೂಡಂಗಿಲ್ಲ" ಎಂದ ಅವನು. ಅವ್ವ ನನ್ನ ಮಣಿಕಟ್ಟು ಹಿಡಿದು ಮೆಟ್ಟಿಲಿಳಿಸಿದಳು. ಹಿಂದೆ ಅತ್ತೆಯ ಬಾಯಿ, ಗಂಡನ ಬಾಯಿ, ಮಾವನ ಬಾಯಿ ಮೂರೂ ಒಟ್ಟಿಗೆ ಕೇಳಿಸುತ್ತಿದ್ದವು. ತಿರುಗಿ ಬಂದರೆ ಬಾಗಿಲು ತೆರೆಯುವುದಿಲ್ಲ ಎಂದು ಇಬ್ಬರೂ ಗಂಡಸರು ಕೂಗಿದರು, ಆ ಮಾತನ್ನು ಇಬ್ಬರೂ ಉಳಿಸಿಕೊಂಡರು. ಆಮೇಲಿನ ನಮ್ಮ ಬಾಳು ರಾಯಚೂರಿನ ಟಾಂಗಾ ಲಾಯದಲ್ಲಿ ಲದ್ದಿ ಬಾಚುತ್ತ ಕಳೆಯಿತು.

ಅಂದು ನಾವು ಕಾಲ್ನಡಿಗೆಯಲ್ಲೇ ರಾಯಚೂರಿನ ದಾರಿ ಹಿಡಿದೆವು. ನಾನು ದಾರಿಯ ಬದಿ ಕೂರಲು ಹೋದಾಗಲೆಲ್ಲ ಅವ್ವ ಎಬ್ಬಿಸಿದಳು. "ನಡಿ, ನಿಲ್ಲಬ್ಯಾಡ, ನಡಿ" ಎಂದು ಕಿವಿಗೆ ಬಾಯಿ ಹಚ್ಚಿ ಹೇಳಿದಳು. ಬಿಸಿಲು ಬಾಗಿತು. ಮಸರಕಲ್ಲಿನ ಹೊಲಗಳು ಕಂಡವು. ಅಲ್ಲೆಲ್ಲೋ ನನಗೆ ವಾಂತಿ ಬಂತು, ಆಮೇಲೆ ಅಳು ಬಂತು, ರಸ್ತೆಯ ಮೇಲೆ ಕೂಗಿ ಕೂಗಿ ಅತ್ತುಬಿಟ್ಟೆ. ನಾನು ಕುದುರೆಯಲ್ಲವಲ್ಲ. ಅವ್ವ ತಡೆಯಲಿಲ್ಲ, ನಡೆಸುವುದನ್ನೂ ನಿಲ್ಲಿಸಲಿಲ್ಲ.

"ಯವ್ವಾ, ಹಸಿವ್ಯಾಗ್ಯದ" ಎಂದೆ.

ಅವ್ವ ಆಗ ನಿಂತಳು. ಸೆರಗಿನ ತುದಿಯಿಂದ ಮುಖ ಒರೆಸಿಕೊಂಡು, ಅದೇ ತುದಿಯ ಗಂಟು ಬಿಚ್ಚಿ, ಪಂಚಮಿಗೆಂದು ನನಗೆ ತಂದಿದ್ದ ಬೆಲ್ಲದ ಚೂರನ್ನು ಅಂಗೈ ಚಪ್ಪಟೆ ಮಾಡಿ ಹಿಡಿದಳು. ನಾನು ಕೈಯಿಂದ ತೆಗೆದುಕೊಳ್ಳಲಿಲ್ಲ. ತಲೆ ಬಗ್ಗಿಸಿ ಬಾಯಿಂದಲೇ ತಿಂದೆ, ಅವಳ ಅಂಗೈ ಒದ್ದೆಯಾಗುವವರೆಗೆ.